ಅಮ್ಮನವರು ಮಗ್ಗದ ಮನೆಗೆ ಸುಣ್ಣ ಬಳಿದದ್ದು

ಪ್ಲೇಗಿನ ಆ ವರ್ಷ ನೇಕಾರರ ಊರಾದ ಮುದ್ದಾಪುರ ಮೂರು ತಿಂಗಳು ಬಿಕೋ ಎನ್ನುತ್ತಿತ್ತು. ಜನರೆಲ್ಲ ಊರಾಚೆಯ ಗುಡಿಸಲುಗಳಲ್ಲಿದ್ದರು. ಪೂಜ್ಯ ನಿಜಾಂಬೆ ಅಮ್ಮನವರೂ ಅವರ ನಡುವೆಯೇ, ಜೋಳದ ದಂಟು ಹೊದಿಸಿದ ಒಂದು ಗುಡಿಸಲಿನಲ್ಲಿ ವಾಸವಾಗಿದ್ದರು. ನಸುಕಿಗೆ ಶಿವಪೂಜೆ, ಆಮೇಲೆ ದಿನವೆಲ್ಲ ರೋಗಿಗಳಿಗೆ ಗಂಜಿ. ಆ ಗಂಜಿಯ ರುಚಿಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ ಹಿರಿಯರು ಮೊನ್ನೆಮೊನ್ನೆಯವರೆಗೂ ಇದ್ದರು.

ರೋಗ ಇಳಿದ ಮೇಲೆ ಮನೆಗಳ ಶುದ್ಧಿಗೆಂದು ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಭೀಮರಾಯರು ಬಂದರು. ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸುವುದು, ನೆಲಕ್ಕೆ ಫಿನೈಲು, ಗೋಡೆಗೆ ಸುಣ್ಣ, ರೋಗಿಯ ಬಟ್ಟೆಬರೆಗೆ ಬೆಂಕಿ. ಕೆಲಸದಲ್ಲಿ ಬಲು ನಿಷ್ಠುರರು. ಸಾಧುಸಂತರೆಂದರೆ ಮೂಗು ಮುರಿಯುತ್ತಿದ್ದರು.

ಒಂದು ಬೆಳಿಗ್ಗೆ ಚನ್ನಮಲ್ಲಪ್ಪನೆಂಬ ನೇಕಾರ ತನ್ನ ಮನೆಯ ಹೊಸ್ತಿಲಿಗೆ ಅಡ್ಡ ಕುಳಿತುಬಿಟ್ಟ. ಅವನ ಒಬ್ಬಳೇ ಮಗಳು ಒಳಗೆ ಮಗ್ಗದ ಪಕ್ಕದಲ್ಲೇ ಪ್ರಾಣ ಬಿಟ್ಟಿದ್ದಳು. ಅವಳು ಅರ್ಧ ನೇಯ್ದ ಸೀರೆ ಇನ್ನೂ ಮಗ್ಗದ ಮೇಲಿತ್ತು. ಅದನ್ನು ಸುಡಗೊಡುವುದಿಲ್ಲವೆಂದು ಹಟ. ಅದೊಂದು ಮನೆ ಶುದ್ಧವಾಗದೆ ಓಣಿಯವರಾರೂ ಹಿಂದಿರುಗುವಂತಿರಲಿಲ್ಲ, ಮಳೆಗಾಲ ಬೇರೆ ಹತ್ತಿರ ಬಂದಿತ್ತು. ರಾಯರು ತಿಳಿಹೇಳಿದರು, ಗದರಿದರು, ಕೊನೆಗೆ ಪೊಲೀಸರನ್ನು ಕರೆಸುವೆನೆಂದರು. ಅವನು ಅಲುಗಲಿಲ್ಲ.

ಸುದ್ದಿ ತಿಳಿದು ಅಮ್ಮನವರು ದಯಮಾಡಿಸಿದರು. ಇನ್ನು ವಿಭೂತಿ, ಮಂತ್ರ ಶುರುವಾಗುತ್ತದೆ, ಮನೆ ಹಾಗೇ ಉಳಿಯುತ್ತದೆ ಎಂದು ರಾಯರಿಗೆ ಒಳಗೊಳಗೇ ಸಿಟ್ಟು. ಅಮ್ಮನವರು ಅಲ್ಲೇ ಧೂಳಿನಲ್ಲಿ ಅವನ ಪಕ್ಕ ಕುಳಿತರು. ಮಗಳ ಹೆಸರೇನು, ನೇಯಲು ಯಾವಾಗ ಕಲಿತಳು, ಎಂಥ ಅಂಚು ಅವಳಿಗೆ ಇಷ್ಟ ಎಂದು ವಿಚಾರಿಸಿದರು. ನೀಲವ್ವ ಎಂದ. ಆಮೇಲೆ ಅವನ ಮಾತು ನಿಲ್ಲಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತ. ಬಿಸಿಲು ನೆತ್ತಿಗೇರಿದರೂ ಅಮ್ಮನವರು ಅವಸರಿಸಲಿಲ್ಲ.

ಅವನ ಅಳು ನಿಂತ ಮೇಲೆ ಮೆಲ್ಲಗೆ ಹೇಳಿದರು:

“ನೀಲವ್ವ ಒಳಗಿಲ್ಲ ತಮ್ಮಾ. ಒಳಗ ಉಳದಿದ್ದು ಆಕೀನ್ನ ಒಯ್ದ ಬ್ಯಾನಿ. ಅದನ್ಯಾಕ ಕಾಯಕೊಂತ ಕುಂತಿ?”

ಚನ್ನಮಲ್ಲಪ್ಪ ಎದ್ದು ಒಳಹೋಗಿ, ಆ ಸೀರೆಯನ್ನು ತನ್ನ ಕೈಯಾರೆ ಮಗ್ಗದಿಂದ ಕೊಯ್ದು ತಂದು ಬೆಂಕಿಗಿಟ್ಟ. ಕೂಲಿಯವರು ಕಾಲಿಡಲು ಅಂಜುತ್ತಿದ್ದ ಆ ಕೋಣೆಗೆ ಅಮ್ಮನವರೇ ಸೆರಗು ಸಿಕ್ಕಿಸಿ ನಡೆದರು, ಗೋಡೆಗೆ ಸುಣ್ಣ ಬಳಿಯತೊಡಗಿದರು. ರಾಯರು ಬಾಗಿಲಲ್ಲಿ ನಿಂತು ನೋಡಿದರು. ನಿಂತಿರಲಾಗಲಿಲ್ಲ. ಕೋಟು ಕಳಚಿಟ್ಟು, ಸುಣ್ಣದ ಬಕೀಟು ಹಿಡಿದು ಅವರ ಹಿಂದೆ ಹೋದರು.

ಮರುದಿನ ಮುಂದಿನ ಓಣಿಯಲ್ಲಿ ಒಬ್ಬ ಮುದುಕಿ ಅಗಳಿ ಹಾಕಿಕೊಂಡು ಕುಳಿತಳು. ಪೊಲೀಸರನ್ನು ಕರೆಯಲೇ ಎಂದು ಜವಾನ ಕೇಳಿದ. ರಾಯರು ಬೇಡವೆಂದು ಸನ್ನೆ ಮಾಡಿ, ಕಟ್ಟೆಯ ಮೇಲೆ ಕುಳಿತು, ಮುಚ್ಚಿದ ಬಾಗಿಲಿನತ್ತ ಬಾಗಿ ಕೇಳಿದರು:

“ಯವ್ವಾ, ಈ ಮನ್ಯಾಗ ಯಾರು ತೀರಿಕೊಂಡ್ರು?”