ಏಣಿ ಇಳಿದ ಬಡಗಿ

"ಅಯ್ಯನವರೇ, ನಮ್ಮ ನಂಬಿಕೆಯನ್ನು ಬಾಯಿಂದ ಸಾರಬೇಕೋ, ಕೈಯಿಂದ ಮಾಡಿ ತೋರಿಸಬೇಕೋ?" ಎಂದು ದೇವಪ್ರಿಯ ಕೇಳಿದ. ಅವನು ಚರ್ಚಿನ ಸಭಾಪಾಲಕನಾಗಲು ಕಲಿಯುತ್ತಿದ್ದ ಯುವಕ. ವೃದ್ಧ ಪಾದ್ರಿಗಳು ಒಂದು ಕತೆ ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಬಡಗಿಯಿದ್ದ. ಚರ್ಚಿನ ಬೆಂಚುಗಳಿಗೆಂದು ತಂದ ಮರವನ್ನು ಅವನು ಕದ್ದನೆಂದು ನೆರೆಯವನು ಹೊಟ್ಟೆಕಿಚ್ಚಿನಿಂದ ಸುಳ್ಳು ಹಬ್ಬಿಸಿದ. ಜನ ನಂಬಿದರು. ಒಂದು ವರ್ಷ ಬಡಗಿಗೆ ಯಾರೂ ಕೆಲಸ ಕೊಡಲಿಲ್ಲ. ಆದರೂ ಅವನು ದಿನವೂ ಸಂಜೆ ಮೊಣಕಾಲೂರಿ, "ಕರ್ತನೇ, ಅವನನ್ನು ಕ್ಷಮಿಸಿದ್ದೇನೆ. ಅವನ ಮನೆಯನ್ನು ಕಾಪಾಡು" ಎಂದು ಪ್ರಾರ್ಥಿಸುತ್ತಿದ್ದ.

ಒಮ್ಮೆ ಬಿರುಗಾಳಿಗೆ ನೆರೆಯವನ ಮನೆಯ ಸೂರು ಹಾರಿಹೋಯಿತು. ಬಡಗಿ ಅಂದೂ ಅದೇ ಪ್ರಾರ್ಥನೆ ಮಾಡಿದ. ಅವನು ಆಮೆನ್ ಎನ್ನುತ್ತಲೇ ಹೆಂಡತಿ ಹೇಳಿದಳು: "ಪ್ರಾರ್ಥನೆ ಮುಗಿಯಿತಲ್ಲ, ಇನ್ನು ಏಣಿ ತೆಗೆದುಕೊಂಡು ಹೋಗಿ. ಆ ಮನೆಯಲ್ಲಿ ಎಂಟು ದಿನದ ಕೂಸಿದೆ."

ಬಡಗಿಗೆ ನಾಚಿಕೆಯಾಯಿತು. ಎದ್ದು ಹೋದ. ಎರಡು ದಿನ ಸೂರಿನ ಮೇಲೆ ಕುಳಿತು ತೊಲೆ ಕೂರಿಸಿದ, ಪಟ್ಟಿ ಹೊಡೆದ, ಹೆಂಚು ಹೊದಿಸಿದ. ಕೆಳಗೆ ನಿಂತ ನೆರೆಯವನ ಮುಖ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಒಳಗಿನಿಂದ ನೀರು ಕಳಿಸಿದರೆ ಕುಡಿಯಲಿಲ್ಲ.

ಎರಡನೆಯ ದಿನ ನೆರೆಯವನು ತಡೆಯಲಾರದೆ ಕೇಳಿದ: "ಊರವರ ಮುಂದೆ ನನ್ನ ತಲೆ ತಗ್ಗಿಸಲು ಬಂದೆಯಾ? ಇದಕ್ಕಿಂತ ನೀನು ಬಂದು ನನಗೆ ಹೊಡೆದಿದ್ದರೆ ಚೆನ್ನಾಗಿತ್ತು."

ಬಡಗಿಯ ಕೈ ನಿಂತಿತು. ಕೊನೆಯ ಸಾಲಿನ ಹೆಂಚುಗಳು ಇನ್ನೂ ಉಳಿದಿದ್ದವು. ಅವನು ಏಣಿ ಇಳಿದು ನೆರೆಯವನ ಎದುರು ನಿಂತ.

"ನಿನ್ನನ್ನು ಕ್ಷಮಿಸಿದ್ದೇನೆಂದು ದಿನವೂ ದೇವರಿಗೆ ಹೇಳಿದೆ. ನಿನಗೆ ಒಮ್ಮೆಯೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ" ಎಂದ. ಆಮೇಲೆ ಕುಡಿಯಲು ನೀರು ಕೇಳಿದ.

ನೆರೆಯವನು ತಾನೇ ಒಳಗೆ ಹೋಗಿ ನೀರು ತಂದ. ಮುಂದಿನ ಭಾನುವಾರ ಅವನು ಸಭೆಯ ಎದುರು ನಿಂತು, ಬಡಗಿ ಮರ ಕದ್ದನೆಂಬುದು ತಾನೇ ಕಟ್ಟಿದ ಸುಳ್ಳೆಂದು ಒಪ್ಪಿಕೊಂಡ.

ಪಾದ್ರಿಗಳು ಕತೆ ನಿಲ್ಲಿಸಿದರು. ದೇವಪ್ರಿಯ ಪುಸ್ತಕ ತೆರೆದು ಬರೆದುಕೊಳ್ಳತೊಡಗಿದ. "ಈ ಭಾನುವಾರದ ಉಪದೇಶದಲ್ಲಿ ಇದನ್ನೇ ಹೇಳುತ್ತೇನೆ, ಅಯ್ಯನವರೇ" ಎಂದ.

"ಹೇಳು. ನೀನು ನಿನ್ನ ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು?"