ಚುಕ್ಕಿ ಇಲ್ಲದ ಹಿಟ್ಟು

“ಇರುವೆಯಕ್ಕಾ, ನನ್ನ ಹಲ್ಲಿ ಯಾವ ಕಡೆ ಹೋಯಿತು?” ಬೆಕ್ಕಿನ ಬಾಯಿಂದ ಹಲ್ಲಿಯನ್ನು ಉಳಿಸಲು ಕಳಚಿಬಿದ್ದ ಬಾಲ, ಅಂಗಳದಲ್ಲಿ ದಿಕ್ಕು ತಪ್ಪಿ ತೆವಳುತ್ತಾ ಕೇಳಿತು.

ರಂಗೋಲಿಯ ಅಕ್ಕಿಹಿಟ್ಟು ಹೊರುತ್ತಿದ್ದ ಇರುವೆ ನಿಂತಿತು. “ತೋರಿಸುತ್ತೇನೆ. ಅದು ನಿನ್ನನ್ನು ಸೇರಿಸಿಕೊಳ್ಳದಿದ್ದರೆ?”

“ನನ್ನ ಕಣಕಣದಲ್ಲೂ ಇಡೀ ಹಲ್ಲಿಯೇ ಇದೆ. ನಾನೇ ತಲೆ, ಕಾಲು ಬೆಳೆಸಿಕೊಳ್ಳುತ್ತೇನೆ.”

“ಅದೂ ಆಗದಿದ್ದರೆ ನೀನು ನಮ್ಮ ಊಟ. ಒಪ್ಪಿಗೆಯಾ, ಬಾಲಮ್ಮ?”

ಬಾಲ ಧಾರಾಳವಾಗಿ ಒಪ್ಪಿತು.

ಇರುವೆ ಕರೆದೊಯ್ದು ತೋರಿಸಿದಾಗ, ಗೋಡೆಯ ಮೇಲಿದ್ದ ಹಲ್ಲಿಗೆ ಆಗಲೇ ಹೊಸ ಬಾಲ ಮೊಳೆತಿತ್ತು. ಹಳೆಯದು ಎಷ್ಟು ಕೂಗಿದರೂ ಅದು ತಿರುಗಿ ನೋಡಲಿಲ್ಲ. ಬಾಲ ಅಲ್ಲೇ ಬಿದ್ದು ತಿಣುಕಿತು, ಹೊರಳಾಡಿತು. ಒಂದು ಉಗುರೂ ಮೂಡಲಿಲ್ಲ.

“ಅದಕ್ಕೆ ಬಾಲ ಬಂತು. ನನಗೇಕೆ ಹಲ್ಲಿ ಬರುವುದಿಲ್ಲ? ಇಬ್ಬರಲ್ಲಿರುವುದೂ ಒಂದೇ ತಾನೇ?”

“ಹಿಟ್ಟೂ ಒಂದೇ,” ಎಂದಿತು ಇರುವೆ. “ಅಂಗಳದಲ್ಲಿ ಮೊದಲು ಚುಕ್ಕಿ ಇಟ್ಟಿದ್ದರು, ಅದಕ್ಕೇ ನವಿಲಾಯಿತು. ನಮ್ಮ ಗೂಡಿನಲ್ಲಿ ಅದೇ ಹಿಟ್ಟು ರಾಶಿ ಬಿದ್ದಿದೆ, ಒಂದು ಗರಿಯೂ ಎದ್ದಿಲ್ಲ. ಎಲ್ಲಿ ಏನು ಬರಬೇಕೆಂಬ ಚುಕ್ಕಿಯೆಲ್ಲ ಆ ಮೈಯಲ್ಲೇ ಉಳಿಯಿತು, ತಾಯಿ. ನಿನ್ನಲ್ಲಿರುವುದು ಬರೀ ಹಿಟ್ಟು.”

ಗೋಡೆಯ ಮೇಲೆ ಹಲ್ಲಿ ಸತ್ಯ ಎಂಬಂತೆ ಲೊಚಗುಟ್ಟಿತು.

ಬಾಲದ ಅಲುಗಾಟ ನಿಂತಿತು. “ಮಾತು ಕೊಟ್ಟಾಗಿದೆ. ತುದಿಯಿಂದ ಶುರುಮಾಡು ಅಕ್ಕಾ, ಮೈಗೆ ಅಂಟಿಕೊಂಡಿದ್ದ ಬುಡ ಕೊನೆಗಿರಲಿ.”

ಇರುವೆಗಳು ತುದಿಯಿಂದಲೇ ಶುರುಮಾಡಿದವು.