ತಿನ್ನದ ಹೋಳಿಗೆಗೆ ಕಷಾಯ

ಕೈಯಲ್ಲಿಲ್ಲ, ಮನೆಯಲ್ಲಿಲ್ಲ, ಆದರೂ ಅದಕ್ಕೆ ತೆರಿಗೆ ಕಟ್ಟಬೇಕು. ಏನದು? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಹೊಳೆಯೋದಿಲ್ಲ. ಹುಲಿಗುಡ್ಡದ ಕಂಬಳಿ ನೇಯುವ ಮಾಳವ್ವನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು.

ಆಕೆ ವರ್ಷಕ್ಕೆ ಹತ್ತು ಕಂಬಳಿ ನೇಯುತ್ತಿದ್ದಳು. ದೊರೆ ಕಾಟಪ್ಪ ನಾಯಕನ ಕಟ್ಟಳೆಯಂತೆ ಎರಡನ್ನು ಮುಪ್ಪಿನ ಉಗ್ರಾಣಕ್ಕೆ ಕೊಡಬೇಕು. ಕೈಕಾಲು ಸೋತ ಮೇಲೆ ಅವು ವಾಪಸು ಸಿಗುತ್ತವೆ. ಒಳ್ಳೆಯದೇ. ಆದರೆ ತೆರಿಗೆ ಕಂಬಳಿಗೊಂದು ಸೇರು ರಾಗಿ, ಹತ್ತಕ್ಕೂ ಸೇರಿ ಹತ್ತು ಸೇರು. ಮಾಳವ್ವನ ಬಳಿ ಇದ್ದದ್ದು ಎಂಟೇ. ಬೆಳಗಾದರೆ ಮಗ್ಗ ಜಪ್ತಿ.

"ಉಗ್ರಾಣಕ್ಕೆ ಕೊಟ್ಟದ್ದನ್ನ ಬಿಟ್ಟು ಲೆಕ್ಕ ಹಾಕಿ, ಬುದ್ಧಿ," ಎಂದು ಆಸ್ಥಾನದಲ್ಲಿ ಕೈ ಮುಗಿದಳು.

"ಯಾಕೆ ಬಿಡಬೇಕು? ನಿನ್ನ ಹೆಸರಲ್ಲೇ ಇದೆಯಲ್ಲ!" ಎಂದ ದೊರೆ. "ಈಗಲೂ ಕೊಡು, ವಾಪಸು ಬಂದಾಗಲೂ ಕೊಡು. ನನ್ನ ಕಟ್ಟಳೆಯಲ್ಲಿ ತಪ್ಪು ಹುಡುಕುವವನು ಇನ್ನೂ ಹುಟ್ಟಿಲ್ಲ."

ಮೂಲೆಯಲ್ಲಿದ್ದ ವಿದೂಷಕ ಬೊಮ್ಮಣ್ಣನಿಗೆ ತಾನು ಹುಟ್ಟಿ ನಲವತ್ತು ವರ್ಷವಾದದ್ದು ನೆನಪಿತ್ತು. ಎದ್ದು ಅಡುಗೆಮನೆಯತ್ತ ನಡೆದ.

ಅಂದು ಮಧ್ಯಾಹ್ನ ದೊರೆಗೆ ಹೋಳಿಗೆ ಊಟ. ಹೊಟ್ಟೆ ಸರಿಯಿಲ್ಲವೆಂದು ವೈದ್ಯರ ಕಟ್ಟಪ್ಪಣೆ: ಹತ್ತು ಬಡಿಸಿದರೆ ಎರಡನ್ನು ಸಂಜೆಗೆ ಎತ್ತಿಡಬೇಕು, ತಿಂದ ಹೋಳಿಗೆಗೊಂದು ಬಟ್ಟಲು ಬೇವಿನ ಕಷಾಯ ಕುಡಿಯಬೇಕು. ದೊರೆ ಎಂಟು ತಿಂದ, ಎಂಟು ಬಟ್ಟಲು ಕುಡಿದು ಮುಖ ಕಿವುಚಿದ. ಬೊಮ್ಮಣ್ಣ ಒಂಬತ್ತನೆಯದನ್ನು ತಂದಿಟ್ಟ.

"ಇದು ಯಾಕೋ?"

"ಎತ್ತಿಟ್ಟ ಹೋಳಿಗೆಗೆ, ಒಡೆಯಾ. ಹಿಂದೆ ಇನ್ನೊಂದು ಬರ್ತಾ ಇದೆ."

"ಲೋ, ಅದನ್ನ ನಾನು ತಿಂದೇ ಇಲ್ಲವಲ್ಲೋ!"

"ತಮ್ಮ ಹೆಸರಲ್ಲೇ ಇದೆಯಲ್ಲ."

ತುಂಬಿದ ಪಂಕ್ತಿ. ಎಲ್ಲರ ಕಣ್ಣೂ ದೊರೆಯ ಮೇಲೆ. ಮೂಗು ಹಿಡಿದು ಎರಡೂ ಬಟ್ಟಲು ಇಳಿಸಿದ. "ಆಯ್ತಲ್ಲ? ಸಂಜೆ ತಿನ್ನುವಾಗ ಮತ್ತೆ ತಂದೀಯ ಜೋಕೆ!"

"ಸಂಜೆಯದು ಸಂಜೆಗೆ, ಒಡೆಯಾ. ಒಲೆ ಮೇಲೆ ಕುದೀತಾ ಇದೆ."

"ಒಂದೇ ಹೋಳಿಗೆಗೆ ಎರಡು ಸಲವೇನೋ? ಇದು ಯಾವ ನ್ಯಾಯ?"

"ತಮ್ಮದೇ ಕಟ್ಟಳೆ. ನಾನು ತಪ್ಪು ಹುಡುಕ್ತಾ ಇಲ್ಲ, ಒಡೆಯಾ. ಕುಡಿಸ್ತಾ ಇದ್ದೀನಿ, ಅಷ್ಟೆ."

ದೊರೆ ಬಾಯಿ ಒರೆಸಿಕೊಂಡು ನಕ್ಕ. ಉಗ್ರಾಣಕ್ಕೆ ಕೊಟ್ಟದ್ದಕ್ಕೆ ಈಗ ತೆರಿಗೆಯಿಲ್ಲ, ವಾಪಸು ಬಂದಾಗ ಒಂದೇ ಸಲ ಎಂದು ಸಾರಿಸಿದ. ಮಾಳವ್ವ ಎಂಟು ಸೇರು ಅಳೆದುಕೊಟ್ಟು ಮಗ್ಗಕ್ಕೆ ಕೂತಳು. ಎತ್ತಿಟ್ಟ ಹೋಳಿಗೆ ಬೊಮ್ಮಣ್ಣನಿಗೆ ಇನಾಮು.

ನಿಜ ಹೇಳಬೇಕೆಂದರೆ, ನನಗೆ ಈ ಕತೆ ಹೇಳಿದವನು ಹತ್ತನೆಯ ಬಟ್ಟಲಿಗೇ ಎದ್ದು ಹೋದ. ಆಮೇಲಿನದೆಲ್ಲ ನಾನೇ ಕಟ್ಟಿದ್ದು. ಮಾಳವ್ವನ ಮಗ್ಗ ಹೊತ್ತುಕೊಂಡು ಹೋಗಲಿ ಎಂದು ಬಿಡಲು ಮನಸ್ಸಾಗಲಿಲ್ಲ.